ಜೂರಾಕಾನ್ ಎಜೆ ಕಳಚಿಟ್ಟ ಸ್ಟಾಪ್‌ವಾಚ್

ಬೆಳಗಿನ ಆರೂವರೆ. ಚೋನ್-ಬುಲಾಕ್ ಎಂಬ ಕಿರ್ಗಿಜ್ ಹಳ್ಳಿಯ ಹೈಸ್ಕೂಲಿನಲ್ಲಿ ಬೆಳಕಿರುವುದು ಒಂದೇ ಕಿಟಕಿಯಲ್ಲಿ. ಒಳಗೆ ಜೂರಾಕಾನ್ ಎಜೆ ಮೊಣಕಾಲೂರಿ ಕುಳಿತು ಕಬ್ಬಿಣದ ಒಲೆಗೆ ಕುರಿಹಿಕ್ಕೆಯ ಬೆರಣಿ ತುರುಕುತ್ತಿದ್ದಾರೆ. ಬೆಂಚಿನಲ್ಲಿ ಏಳನೇ ಕ್ಲಾಸಿನ ಬೇಗಾಯಿಮ್ ಕೈಗವಸು ಬಿಚ್ಚದೆಯೇ ಪುಸ್ತಕ ತೆರೆದು, ಒಂದೆರಡು ಸಾಲು ಓದಿ ನಿಲ್ಲುತ್ತಾಳೆ.

"ಯಾಕೆ ನಿಂತೆ?"

"ಎಜೆ, ಈ ಮುದುಕ ಕುದುರೆ ಮಾರಲ್ಲ ಅಂತಿದಾನೆ. ಹಿಂದಿನ ಪುಟದಲ್ಲಿ ಮಾರ್ತೀನಿ ಅಂದಿದ್ದ. ಸುಳ್ಳು ಹೇಳ್ತಿದಾನಾ?"

"ನಂಗೇನು ಗೊತ್ತು? ಹಿಂದಕ್ಕೆ ಹೋಗಿ ನೋಡು. ಬಸ್ಸೇನೂ ಹೊರಟು ಹೋಗಲ್ಲ."

ಟೀಚರನ್ನು ಇಲ್ಲಿ 'ಎಜೆ' ಎನ್ನುತ್ತಾರೆ, ಅಂದರೆ ಅಕ್ಕ. ಈ ಎಜೆಗೆ ಈಗ ಐವತ್ತೆಂಟು. ಮೂವತ್ತನಾಲ್ಕು ವರ್ಷದಿಂದ ಇಲ್ಲಿ ಕಿರ್ಗಿಜ್ ಭಾಷೆ ಕಲಿಸುತ್ತಿದ್ದಾರೆ. ಓದಿನಲ್ಲಿ ತಡವರಿಸುವ ಮಕ್ಕಳನ್ನು ದಿನಕ್ಕೆ ಐವರಂತೆ ಗಂಟೆ ಬಾರಿಸುವ ಮೊದಲೇ ಕರೆಸಿ, ಪಕ್ಕ ಕೂರಿಸಿಕೊಂಡು ಓದಿಸುತ್ತಾರೆ. ಮಗು ಎಲ್ಲಿ ನಿಂತಿತು, ಏನು ಕೇಳಿತು, ಯಾವ ಮಾತನ್ನು ತಪ್ಪು ತಿಳಿಯಿತು, ಎಲ್ಲವೂ ನೋಟ್‌ಬುಕ್ಕಿಗೆ ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಅಂಥ ನಲವತ್ತೆರಡು ನೋಟ್‌ಬುಕ್ಕುಗಳು ಕಪಾಟಿನಲ್ಲಿವೆ.

"ಮಾರ್ಕ್ಸ್ ನೋಡಿದ್ರೆ ಮಗು ಎಷ್ಟು ತಪ್ಪು ಮಾಡ್ತು ಅಂತ ಗೊತ್ತಾಗುತ್ತೆ. ಯಾಕೆ ಮಾಡ್ತು ಅನ್ನೋದು ಇದರಲ್ಲಿದೆ" ಎನ್ನುತ್ತಾರೆ, ನೋಟ್‌ಬುಕ್ಕಿನ ಬೂದಿ ಒರೆಸುತ್ತಾ.

ಈ ಬೆಳಗಿನ ಓದಿನ ಗಂಟೆಯೇ ಈಗ ಕೈತಪ್ಪುವಂತಿದೆ. ಮೂರು ವಾರದ ಹಿಂದೆ ಮೇಲಿನ ಕಚೇರಿಯಿಂದ ಪರೀಕ್ಷಕರು ಸ್ಟಾಪ್‌ವಾಚ್ ಹಿಡಿದು ಬಂದಿದ್ದರು. ಏಳನೇ ಕ್ಲಾಸಿನವರು ನಿಮಿಷಕ್ಕೆ ನೂರಹತ್ತು ಪದ ಓದಬೇಕು. ಎಜೆಯ ಮಕ್ಕಳ ಸರಾಸರಿ ಎಂಬತ್ತನಾಲ್ಕು. ಏಪ್ರಿಲ್ಲಿನಲ್ಲೂ ಹೀಗೇ ಆದರೆ ಓದಿನ ಗಂಟೆ ರದ್ದು, ಕೋಣೆ ಕುಸ್ತಿ ತಂಡಕ್ಕೆ.

"'ಎಜೆ, ನೀವು ಮಕ್ಕಳಿಗೆ ಓದು ಕಲಿಸ್ತಿದ್ದೀರೋ ನಿದ್ದೆ ಕಲಿಸ್ತಿದ್ದೀರೋ' ಅಂದ ಆ ಪುಣ್ಯಾತ್ಮ" ಎಂದು ನಗುತ್ತಾರೆ. ನಗು ಕಣ್ಣಿನವರೆಗೆ ಹೋಗುವುದಿಲ್ಲ.

ನನಗೆ ಇದು ಸೋಜಿಗ. ಏಕೆಂದರೆ ನಾನೂ ಇದೇ ಬೆಂಚಿನಲ್ಲಿ ಕೂತವನು, ಆಗ ಸ್ಟಾಪ್‌ವಾಚ್ ಇದ್ದದ್ದು ಎಜೆಯ ಕೊರಳಲ್ಲೇ. ಕೆಂಪು ಉಣ್ಣೆದಾರದಲ್ಲಿ ತೂಗಾಡುತ್ತಿತ್ತು. ಅವರು ಗುಂಡಿ ಒತ್ತಿದರೆ ಸಾಕು, ನಾವು ಉಸಿರು ಬಿಗಿಹಿಡಿದು ಸಾಲುಗಳ ಮೇಲೆ ಓಡುತ್ತಿದ್ದೆವು. ಮನೆಯಲ್ಲಿ ಚಹಾದ ನೀರು ಕುದಿಯುವುದರೊಳಗೆ ಪಾಠ ಮುಗಿಸಬೇಕೆಂದು ಅಜ್ಜಿಯ ಪಂದ್ಯ. ಗೆದ್ದರೆ ಹಿಟ್ಟು ಕರಿದು ಮಾಡಿದ ಬಿಸಿ ಬೊರ್ಸೋಕಿಗೆ ಕೆನೆ ಹಚ್ಚಿ ಕೊಡುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ನಾನು ನಿಮಿಷಕ್ಕೆ ನೂರೈವತ್ತೆರಡು ಪದ ಓದಿ ಸುತ್ತಲ ಊರಿಗೆಲ್ಲ ಮೊದಲಿಗನಾದೆ. ಬಹುಮಾನ ಬಂದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದೆ. ಆ ದಿನಗಳು ನೆನಪಾದರೆ ಈಗಲೂ ಬಾಯಲ್ಲಿ ಕೆನೆಯ ರುಚಿ.

ಆ ನವೆಂಬರಿನಲ್ಲಿ ತಾತ ಕುರಿಗಳ ಜಂತುಹುಳದ ಔಷಧಿ ತಂದರು. ಅವರಿಗೆ ಕಣ್ಣು ಮಂಜು. "ಓದಪ್ಪಾ ಜೋಲ್ದೋಶ್" ಎಂದು ಬಾಟಲಿ ಕೊಟ್ಟರು. ನಾನು ಚೀಟಿಯನ್ನು ಒಂದೇ ಉಸಿರಿಗೆ ಓದಿದೆ. "ಎಲ್ಲಕ್ಕೂ ಕುಡಿಸೋಣವಾ?" ಎಂದರು. "ಹ್ಞೂ" ಎಂದೆ. ಗಬ್ಬದ ಕುರಿಗಳಿಗೆ ಕುಡಿಸಬಾರದೆಂದು ಚೀಟಿಯಲ್ಲಿತ್ತು; ಅದನ್ನೂ ನಾನು ಗಟ್ಟಿಯಾಗಿಯೇ ಓದಿದ್ದೆ. ನನ್ನ ಓಟದಲ್ಲಿ ತಾತನ ಕಿವಿಗೂ ಅದು ಸಿಕ್ಕಲಿಲ್ಲ. ಹನ್ನೊಂದು ಕುರಿಗಳು ಕಂದು ಹಾಕಿದವು.

ತಾತ ಬೈಯಲಿಲ್ಲ. ಶಾಲೆಗೆ ಬಂದು ಎಜೆಯ ಮೇಜಿನ ಮೇಲೆ ಬಾಟಲಿ ಇಟ್ಟು, "ಮಗಳೇ, ಹುಡುಗ ಚೆನ್ನಾಗಿ ಓದ್ತಾನೆ. ಏನು ಓದ್ದ ಅಂತ ನೀನೊಂಚೂರು ಕೇಳು" ಎಂದು ಹೊರಟುಬಿಟ್ಟರು. ಎಜೆ ಅಂದೇ ಸ್ಟಾಪ್‌ವಾಚ್ ಕಳಚಿ ಸೀಮೆಸುಣ್ಣದ ಡ್ರಾಯರಿಗೆ ಹಾಕಿದರು. ಮರುವರ್ಷ ಅವರ ಕ್ಲಾಸು ಓದಿನ ವೇಗದ ಪಟ್ಟಿಯ ಕೊನೆಗೆ ಇಳಿಯಿತು. ಮೊಗಸಾಲೆಯ ಗೌರವಫಲಕದಿಂದ ಅವರ ಫೋಟೋ ತೆಗೆದರು. ಅದು ಇದ್ದ ಜಾಗದಲ್ಲಿ ಬಣ್ಣ ಮಾಸದ ಚೌಕವೊಂದು ಇಂದಿಗೂ ಇದೆ.

"ಬೇಜಾರಾಗಲಿಲ್ವಾ ಎಜೆ?"

"ಆಯ್ತು ಕಣೋ. ಫೋಟೋದಲ್ಲಿ ಚೆನ್ನಾಗಿ ಕಾಣ್ತಿದ್ದೆ!"

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಅವರು ಕಪಾಟಿನ ತಳದಿಂದ ಹಳೆಯ ನೋಟ್‌ಬುಕ್ ಎಳೆದು ನನ್ನ ಪುಟ ತೆಗೆಯುತ್ತಾರೆ. 'ಜೋಲ್ದೋಶ್. ೧೫೨ ಪದ. ಭೇಷ್.' ಅದರ ಕೆಳಗೆ ಬೇರೆ ಶಾಯಿಯಲ್ಲಿ: 'ಅರ್ಥವಾಯಿತೇ? ನಾನು ಕೇಳಲಿಲ್ಲ.'

ಇಷ್ಟು ವರ್ಷ ಆ ಕುರಿಗಳ ವಿಷಯ ನನ್ನೊಬ್ಬನ ತಪ್ಪೆಂದೇ ತಿಳಿದಿದ್ದೆ. ಹಾಗೆ ಹೇಳಹೊರಟರೆ ಎಜೆ ಚಹಾದ ಬಟ್ಟಲನ್ನು ನನ್ನತ್ತ ತಳ್ಳುತ್ತಾರೆ. "ಸುಮ್ನೆ ಕುಡಿಯೋ. ಅವರ ಫಾರಮ್ಮಲ್ಲಿ ಎಷ್ಟು ಪದ ಅಂತ ಒಂದು ಕಾಲಂ ಇದೆಯಲ್ಲ, ಪಕ್ಕದಲ್ಲಿ ಅರ್ಥವಾಯಿತೇ ಅಂತ ಇನ್ನೊಂದು ಹಾಕ್ಲಿ. ನಂಗೆ ಅಷ್ಟು ಸಾಕು. ನೀನು ಪೇಪರಿನವನು, ನಿನ್ನನ್ನಾದ್ರೂ ಕಚೇರಿ ಒಳಗೆ ಬಿಡ್ತಾರೆ. ಈ ಪುಟ ಅವರಿಗೆ ಓದಿ ಹೇಳು."

ನೋಟ್‌ಬುಕ್ ಕೋಟಿನೊಳಗಿಟ್ಟು ಏಳುತ್ತೇನೆ. ಬೇಗಾಯಿಮ್ ಇನ್ನೂ ಹಿಂದಿನ ಪುಟದಲ್ಲೇ ಆ ಮುದುಕನನ್ನು ವಿಚಾರಿಸಿಕೊಳ್ಳುತ್ತಿದ್ದಾಳೆ. ಬಾಗಿಲು ದಾಟುವಾಗ ಬೆನ್ನ ಹಿಂದಿನಿಂದ ಅದೇ ಹಳೆಯ ದನಿ ಕೂಗುತ್ತದೆ.

"ಜೋಲ್ದೋಶ್! ನಿಧಾನಕ್ಕೆ ಓದೋ."