ಕೆಂಪು ದೀಪ ಮತ್ತು ಅಕ್ಕನ ಫೋಟೊ

ಮೂವತ್ತನಾಲ್ಕು ವರ್ಷ ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಹೊಳೆನರಸೀಪುರ, ಅರಕಲಗೂಡು, ಹಾಸನ ಅಂತ ಸರ್ಕಾರ ಕಳಿಸಿದ ಕಡೆಯೆಲ್ಲ ಹೋಗಿ ಜನರ ಮೂಳೆಗಳ ಫೋಟೊ ತೆಗೆದೆ. ನಿವೃತ್ತನಾದ ಮೇಲೆ ಚನ್ನರಾಯಪಟ್ಟಣದ ಒಂದು ಖಾಸಗಿ ಎಕ್ಸ್‌ರೇ ಸೆಂಟರಿನಲ್ಲಿ ವಾರಕ್ಕೆ ಮೂರು ದಿನ ಕೂರುತ್ತೇನೆ. ಈಗೆಲ್ಲ ಡಿಜಿಟಲ್. ನನ್ನ ಸರ್ವಿಸಿನ ಬಹುಪಾಲು ಹಾಗಿರಲಿಲ್ಲ. ಫಿಲ್ಮನ್ನು ಡಾರ್ಕ್‌ರೂಮಿಗೆ ಒಯ್ದು, ಮಂದವಾದ ಕೆಂಪು ದೀಪದಲ್ಲಿ ಸ್ಟೀಲಿನ ಚೌಕಟ್ಟಿಗೆ ಸಿಕ್ಕಿಸಿ, ಡೆವಲಪರ್ ತೊಟ್ಟಿಯಲ್ಲಿ ಅದ್ದಿ, ಚಿತ್ರ ಮೂಡಿದ ಮೇಲೆ ಅದು ಅಳಿಯದಂತೆ ಫಿಕ್ಸರಿನಲ್ಲಿ ಮುಳುಗಿಸಬೇಕಿತ್ತು. ಎಕ್ಸ್‌ರೇ ಫಿಲ್ಮಿಗೆ ಆ ಕೆಂಪು ಬೆಳಕು ತಟ್ಟುವುದಿಲ್ಲ. ಕತ್ತಲ ಕೋಣೆಯಲ್ಲಿ ನಮಗೆ ಇದ್ದ ಆಸರೆ ಅದೊಂದೇ.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮಗಳು ಮಮತಾ ಆನ್‌ಲೈನಿನಲ್ಲಿ ಒಂದು ಅಗ್ಗದ ಕ್ಯಾಮೆರಾ ತರಿಸಿದಳು. ಅವಳು ಹಾಸನದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಕ್ಯಾಮೆರಾದ ಮೈಯೂ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್, ತೂಕ ಖಾಲಿ ಊಟದ ಡಬ್ಬಿಗಿಂತ ಕಮ್ಮಿ. ಹಿಂದಿನ ಮುಚ್ಚಳ ತೆರೆದುಕೊಳ್ಳದಿರಲಿ ಅಂತ ಕಪ್ಪು ಟೇಪು ಸುತ್ತಿದ್ದಳು. ಅದಕ್ಕೆ ಹಾಕುವುದು ಮೀಡಿಯಂ ಫಾರ್ಮ್ಯಾಟ್ ಫಿಲ್ಮು, ಅಂದರೆ ಹಿಂದೆ ಸ್ಟುಡಿಯೊದವರು ಬಳಸುತ್ತಿದ್ದ ಅಗಲದ ರೋಲು. ಕಪ್ಪು ಕಾಗದದ ಜೊತೆ ಸುತ್ತಿಕೊಂಡಿರುತ್ತದೆ, ಒಂದು ರೋಲಿಗೆ ಹನ್ನೆರಡು ಚಿತ್ರ. ಕ್ಯಾಮೆರಾದ ಬೆನ್ನಿನಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಪುಟ್ಟ ಕಿಟಕಿಯಿದೆ. ಅದರಲ್ಲಿ ಇಣುಕಿ, ಎಷ್ಟನೆಯದು ಅಂತ ನೋಡಿಕೊಂಡು ಕೈಯಲ್ಲೇ ಸುತ್ತಬೇಕು.

"ನಾನು ಎಂಟು ತೆಗ್ದಿದ್ದೀನಿ, ಉಳಿದಿದ್ದು ನೀವು ತೆಗೀರಿ ಅಪ್ಪ. ಡೆವಲಪ್ಪೂ ನೀವೇ ಮಾಡಿ. ನಿಮಗಿಂತ ಡಾರ್ಕ್‌ರೂಮ್ ಗೊತ್ತಿರೋರು ಯಾರಿದ್ದಾರೆ?" ಅಂದಳು. ಹೊಗಳಿದರೆ ನಾನು ಬೇಗ ಉಬ್ಬುತ್ತೇನೆ. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮಲ್ಲಿಪಟ್ಟಣದ ಅಕ್ಕನ ಮನೆಗೆ ಬಸ್ಸು ಹತ್ತಿದೆ.

ಅಕ್ಕ ಜಯಮ್ಮ ನನಗಿಂತ ಏಳು ವರ್ಷ ದೊಡ್ಡವಳು. ಮೂವತ್ತೆರಡನೇ ವಯಸ್ಸಿನಲ್ಲಿ ಅವಳ ಬಾಯಿ, ಕಣ್ಣಿನ ಸುತ್ತ ತೊನ್ನಿನ ಬಿಳಿ ಮಚ್ಚೆಗಳು ಬಂದವು. ಅದು ಅಂಟುಜಾಡ್ಯ ಅಲ್ಲ ಅಂತ ಆಸ್ಪತ್ರೆಯವನಾದ ನಾನು ನೂರು ಸಲ ಹೇಳಿದ್ದೇನೆ. ಅವಳಿಗೂ ಗೊತ್ತು. ಆದರೆ ಅಂದಿನಿಂದ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದಳು. ಮಗನ ಮದುವೆಯಲ್ಲಿ ಫೋಟೊಗೆ ಎಲ್ಲರೂ ನಿಂತಾಗ ಇವಳು ಛತ್ರದ ಅಡುಗೆಮನೆಯಲ್ಲಿ ಹಪ್ಪಳ ಎಣಿಸುತ್ತಿದ್ದಳು. ಅಷ್ಟು ದಪ್ಪದ ಆಲ್ಬಮ್ಮಿನಲ್ಲಿ ಮದುವೆ ಗಂಡಿನ ತಾಯಿಯೇ ಇಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ನಾನು ಹೋದಾಗ ಅಕ್ಕ ಜಗಲಿಯ ಮೇಲೆ ಕೂತು ಬಿತ್ತನೆ ಆಲೂಗೆಡ್ಡೆ ಕುಯ್ಯುತ್ತಿದ್ದಳು. ಕ್ಯಾಮೆರಾ ನೋಡಿ ಏಳಲಿಲ್ಲ, ನಕ್ಕಳು.

"ಏನ್ಲಾ ಅದು, ಮಕ್ಳಾಡೋ ಸಾಮಾನು?"

"ಫೋಟೊ ಬರುತ್ತೆ ಅಕ್ಕ. ಒಂದು ತೆಗೀಲಾ?"

"ನೀನು ಮೂಳೆ ತಗಿಯೋನಲ್ವಾ? ಅಂಗಾರೆ ಚರ್ಮ ಬಿಟ್ಟು ತಗಿ."

ನಗುನಗುತ್ತಲೇ ಅಂದಳು. ಅವಳ ಮನಸ್ಸು ಬದಲಾಗುವುದರೊಳಗೆ ಅಂತ ಗಡಿಬಿಡಿಯಲ್ಲಿ ಎರಡು ಕ್ಲಿಕ್ಕಿಸಿದೆ. ಆಲೂಗೆಡ್ಡೆ ಹಿಡಿದ ಕೈಯಲ್ಲೇ ಅಕ್ಕ ತೋರಿಸಿದಳು: "ಮುಚ್ಳನೇ ತಗೀದೆ ಪೋಟೊ ಒಡೀತಾ ಇದ್ದೀಯಲ್ಲೋ!"

ನಿಜ. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಲೆನ್ಸಿನ ಮುಚ್ಚಳ ಹಾಗೇ ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲೇ ಉಳಿದ ಎರಡನ್ನೂ ತೆಗೆದೆ.

"ಇದೊಂದ್ ಕಿತ ಆಯ್ತು. ಇನ್ನೊಂದ್ ಕಿತ ಕೇಳ್ಬ್ಯಾಡ ಕಣ್ಲಾ" ಅಂದಳು. ಅಕ್ಕ ಮಾತು ಆಡಿದರೆ ಆಡಿದಂತೆ. ನನ್ನ ಹತ್ತಿರ ಇದ್ದದ್ದು ಆ ಎರಡೇ ಚಿತ್ರ.

ಭಾನುವಾರ ಬೆಳಗ್ಗೆ ಎಕ್ಸ್‌ರೇ ಸೆಂಟರ್ ನಡೆಸುವ ಡಾಕ್ಟರ ಒಪ್ಪಿಗೆ ಪಡೆದು ಅಲ್ಲಿನ ಹಳೆ ಡಾರ್ಕ್‌ರೂಮ್ ತೆರೆದೆ. ರಟ್ಟಿನ ಪೆಟ್ಟಿಗೆಗಳನ್ನು ಹೊರಗಿಟ್ಟು, ಡೆವಲಪರ್, ಫಿಕ್ಸರ್ ಕಲಸಿ ಟ್ರೇಗಳಿಗೆ ಸುರಿದು, ಕೆಂಪು ದೀಪ ಹತ್ತಿಸಿ ನೋಡಿ ಆರಿಸಿದೆ. ಕೀಲಿ ಕೊಡುವ ಟೈಮರಿಗೆ ಎಂಟು ನಿಮಿಷ ಇಟ್ಟೆ. ಕ್ಯಾಮೆರಾಕ್ಕೇ ಕೆಂಪು ಕಿಟಕಿ ಇರುವಾಗ ಈ ಫಿಲ್ಮಿಗೂ ಕೆಂಪು ಬೆಳಕು ಏನೂ ಮಾಡುವುದಿಲ್ಲ ಅಂತ ನನ್ನ ಲೆಕ್ಕಾಚಾರ. ಮಮತಾ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಳು.

ಬಿಳಿ ದೀಪ ಆರಿಸಿ, ರೋಲಿನ ಅಂಟು ಬಿಡಿಸಿ, ಕೆಂಪು ದೀಪದ ಸ್ವಿಚ್ಚು ಒತ್ತಿದೆ. ಹತ್ತಲಿಲ್ಲ. ಎಕ್ಸಾಸ್ಟ್ ಫ್ಯಾನೂ ನಿಂತಿತ್ತು. "ಕರೆಂಟ್ ಹೋಯ್ತು ಅಪ್ಪ!" ಅಂತ ಮಗಳು ಕೂಗಿದಳು. ವಿದ್ಯುತ್ ಇಲಾಖೆಯನ್ನು ಬಾಯಿಗೆ ಬಂದಂತೆ ಬೈದೆ. ರೋಲು ಆಗಲೇ ಸಡಿಲವಾಗಿತ್ತು, ಮತ್ತೆ ಸುತ್ತುವ ಹಾಗಿರಲಿಲ್ಲ. ಕಾಗದವನ್ನು ತಡಕಾಡಿ ಬೇರೆ ಮಾಡಿ, ಟೈಮರ್ ಓಡಲು ಬಿಟ್ಟು, ಫಿಲ್ಮಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಟ್ರೇಯಲ್ಲಿದ್ದ ಡೆವಲಪರಿನಲ್ಲಿ ಮೇಲೆ ಕೆಳಗೆ ಆಡಿಸತೊಡಗಿದೆ.

ಮೂರು ನಿಮಿಷ ಆಗಿರಬಹುದು. ಹೊರಗಿನಿಂದ ಮಮತಾಳ ದನಿ ಬಂತು. ಹೊತ್ತು ಹೋಗದೆ ಫಿಲ್ಮಿನ ಖಾಲಿ ಪೆಟ್ಟಿಗೆಯ ಮೇಲಿನದನ್ನು ಓದುತ್ತಿದ್ದಳಂತೆ.

"ಅಪ್ಪಾ! ಪೂರ್ತಿ ಕತ್ತಲಲ್ಲೇ ಮಾಡ್ಬೇಕಂತೆ! ಕೆಂಪು ಲೈಟೂ ಆಗಲ್ವಂತೆ!"

ಈ ಫಿಲ್ಮು ಎಕ್ಸ್‌ರೇ ಫಿಲ್ಮಿನ ಹಾಗಲ್ಲ, ಕೆಂಪು ಬೆಳಕನ್ನೂ ಹಿಡಿದುಕೊಳ್ಳುತ್ತದೆ. ಕ್ಯಾಮೆರಾದೊಳಗೆ ಅದನ್ನು ಕಾಯುತ್ತಿದ್ದದ್ದು ಕಪ್ಪು ಕಾಗದ; ಕೆಂಪು ಕಿಟಕಿಯನ್ನು ನಂಬಿ ನಾನು ಮೋಸಹೋಗಿದ್ದೆ. ಈಗ ಆ ಕಾಗದವನ್ನು ಕಿತ್ತು ನೆಲಕ್ಕೆ ಬಿಟ್ಟಿದ್ದೇನೆ, ದೀಪದ ಸ್ವಿಚ್ಚು ಆನ್ ಆಗಿಯೇ ಇದೆ! ಕರೆಂಟು ಬಂದ ಕ್ಷಣ ಅಕ್ಕನ ನಗು ಮಸಿಯಾಗಿ ಹೋಗುತ್ತದೆ. ಮೇನ್ ಸ್ವಿಚ್ಚು ಇದ್ದ ಕೋಣೆಗೆ ಡಾಕ್ಟರು ಬೀಗ ಹಾಕಿದ್ದರು. ನನ್ನ ಎರಡು ಕೈಯಲ್ಲೂ ಒದ್ದೆ ಫಿಲ್ಮು, ಬಿಟ್ಟರೆ ಸುರುಳಿ ಸುತ್ತಿಕೊಂಡು ಅಂಟಿಕೊಳ್ಳುತ್ತದೆ.

ಅವು ಹಳೆಯ ಕಾಲದ ಸ್ವಿಚ್ಚುಗಳು, ಮೇಲೆತ್ತಿದರೆ ಆಫ್. ಫಿಲ್ಮನ್ನು ಆಡಿಸುತ್ತಲೇ ಎಡಕ್ಕೆ ವಾಲಿ, ಮೊಣಕೈಯನ್ನು ಗೋಡೆಗೆ ಒತ್ತಿ ಕೆಳಗಿನಿಂದ ಮೇಲಕ್ಕೆ ಉಜ್ಜಿದೆ. ಮೊದಲ ಸಲ ಬರೀ ಗೋಡೆ. ಎರಡನೇ ಸಲ ಚರ್ಮ ತರಚಿತು. ಮೂರನೇ ಸಲ ಟಕ್ ಅಂತು. ಫಿಲ್ಮು ಡೆವಲಪರಿಗೆ ಇಳಿದು ಐದು ನಿಮಿಷವೂ ಆಗಿರಲಿಲ್ಲ, ಫ್ಯಾನು ಗರಗರ ತಿರುಗತೊಡಗಿತು. ಕರೆಂಟು ಬಂದಿತ್ತು, ಕೋಣೆ ಮಾತ್ರ ಕತ್ತಲಾಗೇ ಇತ್ತು. ಆಹಾ, ಅಂಥ ಸುಖದ ಕತ್ತಲನ್ನು ಇಡೀ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ. ಫಿಕ್ಸರ್ ಮುಗಿಸಿ ಬಾಗಿಲು ತೆರೆದು ಫಿಲ್ಮನ್ನು ಬೆಳಕಿಗೆ ಹಿಡಿದೆವು. ಎರಡು ಚಿತ್ರ ಖಾಲಿ, ಹನ್ನೊಂದನೆಯದು ಅಲುಗಿತ್ತು, ಹನ್ನೆರಡನೆಯದರಲ್ಲಿ ಅಕ್ಕ ಇದ್ದಳು. ಬೆಂಚಿನ ಮೇಲೆ ಕೂತೆ, ನೆಮ್ಮದಿಗೆ ಕಣ್ಣಲ್ಲಿ ನೀರು ಬಂತು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಹೇಳುತ್ತಿದ್ದ ಮೊದಲ ಪಾಠ, ಫಿಲ್ಮಿನ ಪೆಟ್ಟಿಗೆ ಓದಿ ಅಂತ. ಅದನ್ನು ನಾನೇ ಓದಿರಲಿಲ್ಲ. ಕೆಲಸ ಕೈಗೆ ಕೂತುಬಿಟ್ಟ ಮೇಲೆ ನಾವು ಓದುವುದನ್ನು, ಕೇಳುವುದನ್ನು ಬಿಟ್ಟುಬಿಡುತ್ತೇವೆ. ಗೊತ್ತಿಲ್ಲದವನಿಗಿಂತ ಗೊತ್ತಿದೆ ಅಂದುಕೊಂಡವನೇ ಫಿಲ್ಮು ಹಾಳುಮಾಡುವುದು. ಈಗ ಹೊಸ ಸಾಮಾನು ಏನು ಬಂದರೂ, ಮಿಕ್ಸಿಯೇ ಆಗಲಿ, ಮೊದಲು ಪೆಟ್ಟಿಗೆ ಓದುತ್ತೇನೆ.

ಹಾಸನದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಮುಂದಿನ ವಾರ ಮಲ್ಲಿಪಟ್ಟಣಕ್ಕೆ ಹೋದೆ. ಪ್ಲಾಸ್ಟಿಕ್ ಲೆನ್ಸಿನಿಂದ ಅಂಚೆಲ್ಲ ಮಸುಕಾಗಿ, ನಡುವೆ ಅಕ್ಕನ ಮುಖವೊಂದೇ ನಿಚ್ಚಳವಾಗಿತ್ತು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದಳು. ಬೆಳಕಿನ ಕಡೆಗೆ ತಿರುಗಿಸಿ ನೋಡಿದಳು.

"ಅಯ್ಯೋ, ನಮ್ಮವ್ವ ಕಣ್ಲಾ ಇದು. ನಾನು ಯಾವಾಗ ಇಂಗೆ ಅವ್ವನಂಗೇ ಆದೆ?"

ಆಮೇಲೆ ಬಾಯಿಯ ಪಕ್ಕದ ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟಳು. "ಇದೂ ಬಂದದಲ್ಲ."

"ಬಂದಿದೆ ಅಕ್ಕ."

"ಬರ್ಲಿ ಬುಡು" ಅಂದು ಒಳಗಿದ್ದ ಸೊಸೆಯನ್ನು ಕೂಗಿದಳು: "ಅಮ್ಮಣ್ಣೀ, ಒಂದ್ ಮೊಳೆ ತಗಂಡ್ ಬಾರವ್ವ!"