ಹುಣಸೆ ನೀರಿನಲ್ಲಿ ನೆನೆದ ಚಿಪ್ಪುಗಳು

ಹಿತ್ತಾಳೆ ಕೊಡ ಬೆಳಗಲು ಮೊನ್ನೆ ಹುಣಸೆಹಣ್ಣು ನೆನೆಹಾಕಿದ್ದೆ. ಕಿವುಚುವಾಗ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಡ ಅಲ್ಲೇ ಬಿಟ್ಟು ಒಬ್ಬಳೇ ನಗತೊಡಗಿದೆ. ವೈನಿ ತೀರಿಕೊಂಡ ಮೇಲೆ ಅವರನ್ನು ನೆನೆದು ನಾನು ನಕ್ಕದ್ದು ಅದೇ ಮೊದಲು…

ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ. ಕುಮಟೆ ಕಡೆಯ ಸಮುದ್ರದಂಡೆಯವರು. ಧಾರವಾಡದಲ್ಲಿ ಅಣ್ಣನ ಜೊತೆ ಬಿ.ಎಡ್. ಓದಿ, ಶಹಾಪುರದ ನಮ್ಮ ಮನೆಗೆ ಸೊಸೆಯಾಗಿ ಬಂದು, ಸಗರದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೊಸತರಲ್ಲಿ ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳುತ್ತಿತ್ತಂತೆ. ಅವ್ವ "ಊಟಕ್ಕ ಬಾ" ಎಂದು ಕರೆದರೂ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು. ಆಮೇಲೆ ನೋಡಿದರೆ ಅವರೇ ನಮಗಿಂತ ಜೋರಾದರು.

ತವರಿನಿಂದ ಅವರು ಒಂದು ಡಬ್ಬಿ ತುಂಬ ಚಿಪ್ಪುಗಳನ್ನು ತಂದಿದ್ದರು. ತೀರಿಹೋದ ಅವರ ಅಪ್ಪ ದಂಡೆಯಲ್ಲಿ ಆರಿಸಿ ಕೊಟ್ಟಿದ್ದವು. ಒಳಮೈ ಬೆಳಕಿಗೆ ಹಿಡಿದರೆ ಮುತ್ತಿನಂತೆ ಹೊಳೆಯುತ್ತಿತ್ತು. ಆ ಡಬ್ಬಿಯನ್ನು ಅವರು ಯಾರಿಗೂ ಮುಟ್ಟಗೊಟ್ಟವರಲ್ಲ. ಒಂದು ವರ್ಷ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಸಮುದ್ರಕ್ಕೆ ಏನಾಗುತ್ತಿದೆ ಎಂದು ಮಕ್ಕಳಿಗೆ ತಿಳಿಸಬೇಕೆಂದು ವೈನಿ ವಾರಗಟ್ಟಲೆ ಕೂತು ಚಾರ್ಟ್ ಬರೆದರು. ಸಮುದ್ರವನ್ನೇ ಕಾಣದ ಮಕ್ಕಳು ಚಿಪ್ಪಾದರೂ ನೋಡಲಿ ಎಂದು ಹಿಂದಿನ ದಿನ ಡಬ್ಬಿಯನ್ನು ಹೊರಗೆ ತೆಗೆದಿಟ್ಟರು.

ಅವ್ವನದು ಒಳ್ಳೆಯ ಮನಸ್ಸೇ. ನಾಲ್ಕು ಜನರ ಮುಂದೆ ಹೋಗುವ ವಸ್ತು ಸ್ವಚ್ಛವಾಗಿರಲಿ ಎಂದುಕೊಂಡು, ಹಿತ್ತಾಳೆಯ ದೀಪಗಳ ಜೊತೆಗೇ ಚಿಪ್ಪುಗಳನ್ನೂ ಹುಣಸೆ ನೀರಿನಲ್ಲಿ ಮುಳುಗಿಸಿಟ್ಟಿದ್ದಳು. ಮುಂಜಾನೆ ಹೆಮ್ಮೆಯಿಂದ ಬೋಗುಣಿ ತಂದು ವೈನಿಯ ಮುಂದೆ ಇಟ್ಟಳು.

"ನೋಡವಾ, ಬುರುಬುರು ಅಂತ ಹೆಂಗ ಹೊಲಸು ಬಿಟ್ಟಾವ!"

ವೈನಿ ಕೈ ಹಾಕಿ ಒಂದನ್ನು ಎತ್ತಿದರು. ಹೊಳಪು ಹೋಗಿ, ಮಾಸಿದ ಸುಣ್ಣದ ಗೋಡೆಯ ಹಾಗಾಗಿತ್ತು. ತೆಳ್ಳನೆಯ ಇನ್ನೊಂದರ ಅಂಚು ಬೆರಳಿನಲ್ಲೇ ಪುಡಿಯಾಯಿತು.

"ಏನ್ ಮಾಡಿದಿಬೇ ಅವ್ವ! ಅವರಪ್ಪ ಕೊಟ್ಟಿದ್ದವು ಅವು," ಎಂದ ಅಣ್ಣ.

ಅವ್ವನ ಮುಖ ಇಳಿದುಹೋಯಿತು. "ಹಿತ್ತಾಳಿ ಫಳಫಳ ಅಂತದಲ್ಲೋ… ಇವೂ ಅಂತಾವ ಅನಕೊಂಡಿದ್ದೆ."

ವೈನಿಯ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡರು. ಮತ್ತೆ ಬೋಗುಣಿ ನೋಡಿದರು. ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು!

"ಅತ್ತೀ, ಇಷ್ಟು ದಿನ ಕೂತು ನಾ ಚಾರ್ಟ್ ಬರದೆ. ನೀವು ಒಂದ ಬೋಗುಣಿಯೊಳಗ ಮಾಡಿ ತೋರಿಸಿಬಿಟ್ರಿ. ಏಳ್ರಿ, ಚಲೋ ಸೀರಿ ಉಟ್ಕೋರಿ."

"ಎಲ್ಲಿಗವಾ?"

"ಸಾಲಿಗಿ."

"ನಾ ಸಾಲಿಗಿ? ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ನಾ!"

ಆದರೂ ಹತ್ತಿದಳು. ಇಳಕಲ್ ಸೀರೆ ಉಟ್ಟು, ದವಡೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಬೋಗುಣಿಯ ಹಿಂದೆ ಕುರ್ಚಿಯ ಮೇಲೆ ಕೂತಳು. ಡಬ್ಬಿಯ ತಳದಲ್ಲಿ ತೊಳೆಯದೆ ಉಳಿದಿದ್ದ ಒಂದು ಚಿಪ್ಪನ್ನು ಬಲಗೈಯಲ್ಲಿ, ತೊಳೆದದ್ದನ್ನು ಎಡಗೈಯಲ್ಲಿ ಹಿಡಿದಳು.

"ಇದು ದೇವರು ಮಾಡಿದ್ದು. ಇದು ನಾ ಕೆಡಿಸಿದ್ದು. ಚಿಪ್ಪ ಅಂದ್ರ ಸುಣ್ಣ ಅಂತ. ಹುಳಿಗೂ ಸುಣ್ಣಕ್ಕೂ ಆಗಿಬರೂದಿಲ್ಲ, ತಿಳೀತಿಲ್ಲೊ?"

ಹಿಂದಿನಿಂದ ಒಬ್ಬ ಹುಡುಗ ಕೂಗಿದ: "ಆಯಿ, ಸಮುದ್ರಕ್ಕ ಹುಣಸಿಹಣ್ಣ ಯಾರು ಹಾಕ್ಯಾರ?"

"ನಿಮ್ಮಪ್ಪನ ಟ್ರ್ಯಾಕ್ಟರ್ ಹಾಕ್ಯದ!" ದಾರಿಯಲ್ಲಿ ವೈನಿ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಅವ್ವ ಒದರಿಬಿಟ್ಟಳು.

ಇಡೀ ಕೋಣೆ ನಕ್ಕಿತು. ವೈನಿ ಗೋಡೆಗೆ ಒರಗಿಕೊಂಡು ನಕ್ಕರು. ಆಮೇಲೆ ತಾವೇ ಬಿಡಿಸಿ ಹೇಳಿದರು: ಟ್ರ್ಯಾಕ್ಟರು, ಬಸ್ಸು, ಕಲ್ಲಿದ್ದಲ ಒಲೆ ಬಿಟ್ಟ ಅನಿಲ ಗಾಳಿ ಸೇರುತ್ತದೆ, ಅದರಲ್ಲಿ ಒಂದು ಪಾಲನ್ನು ಸಮುದ್ರ ನುಂಗುತ್ತದೆ, ನೀರಿನ ಗುಣ ಹುಳಿಯ ಕಡೆಗೆ ಸರಿಯುತ್ತದೆ. "ಹುಣಸಿ ನೀರಿನಷ್ಟು ಹುಳಿ ಆಗೂದಿಲ್ಲ. ಜರಾ ಬದಲಾದ್ರೂ ಸಾಕು, ಆಗಷ್ಟ ಹುಟ್ಟಿದ ಮರಿಗೆ ಚಿಪ್ಪ ಕಟ್ಕೊಳ್ಳಾಕ ತ್ರಾಸ ಆಗತದ. ಹವಳಕ್ಕೂ ಹಂಗ."

ಅವ್ವನಿಗೂ ಇದು ಪೂರ್ತಿ ತಿಳಿದಿರಲಿಲ್ಲ. "ಅಲ್ಲವಾ, ಇಲ್ಲಿ ಹೊಗಿ ಅಲ್ಲೀತನಕ ಹ್ಯಾಂಗ ಹೋಗತದ?" ಎಂದು ಅಲ್ಲೇ ತಕರಾರು ತೆಗೆದಳು.

"ಗಾಳಿಗೇನು ಜಿಲ್ಲಾ ಇರ್ತದೇನ್ರಿ ಅತ್ತೀ?"

ಅಂದು ಯಾರ ಮಾದರಿಗೆ ಬಹುಮಾನ ಬಂತೋ ನನಗೆ ನೆನಪಿಲ್ಲ. ಮಕ್ಕಳು ಮಾತ್ರ ಅವ್ವನ ಸುತ್ತ ಮುತ್ತಿಕೊಂಡು ಮತ್ತೆ ಮತ್ತೆ ಹೇಳಿಸಿಕೊಂಡರು. ಆಮೇಲೆ ಪ್ರತಿ ವರ್ಷ ಪ್ರದರ್ಶನಕ್ಕೆ ಅವ್ವ ಹೋಗಲೇಬೇಕಾಯಿತು. ಹೋಗುವ ದಾರಿಯುದ್ದಕ್ಕೂ ವೈನಿ ಪಾಠ ಹೇಳಿಕೊಡುವರು. ಅವ್ವ ಅಲ್ಲಿ ತನಗೆ ತೋಚಿದ್ದನ್ನೇ ಹೇಳುವಳು. ಮನೆಗೆ ಬಂದು ಇಬ್ಬರೂ ಅದನ್ನೇ ಆಡಿಕೊಂಡು ನಗುವರು…

ಕಾಯಿಲೆ ವೈನಿಯನ್ನು ಬಹಳ ದಿನ ಇರಗೊಡಲಿಲ್ಲ. ಅವರ ಜಾಗಕ್ಕೆ ಬೇರೆ ಟೀಚರ್ ಬಂದಿದ್ದಾರೆ. ಒಳ್ಳೆಯವರಂತೆ. ಅವ್ವನ ವಿಷಯ ಅವರಿಗೆ ಗೊತ್ತಿರಲಿಕ್ಕಿಲ್ಲ.

ಈ ಸಲದ ಪ್ರದರ್ಶನದ ದಿನ ಅವ್ವ ಬೆಳಿಗ್ಗೆಯೇ ಜಳಕ ಮಾಡಿ, ತಲೆ ಬಾಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. "ಎಲ್ಲಿಗೆ ಹೊಂಟೀಬೇ?" ಎಂದು ಕೇಳಿದೆ. "ಎಲ್ಲಿಗೂ ಇಲ್ಲ," ಎಂದಳು. ಮಧ್ಯಾಹ್ನದವರೆಗೂ ಅಲ್ಲೇ ಇದ್ದಳು.

ಕರೆದೊಯ್ಯಲು ಯಾರೂ ಬರಲಿಲ್ಲ.