ಅರದ ಪಾಲು

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಏರ್‌ರೈಫಲ್ ಟ್ರಿಗರಿನ ಒಳಗಿನ ಪುಟ್ಟ ಕೊಕ್ಕೆಗಳನ್ನು ಅರದಿಂದ ತಿಕ್ಕಿ ಹದಮಾಡುತ್ತಿದ್ದವಳು ವಸಂತಿ. ಬೆರಳು ತಾಗಿದರೆ ಸಾಕು, ಗುಬ್ಬಿ ಕೊಂಬೆ ಬಿಟ್ಟಷ್ಟು ಹಗುರಾಗಿ ಟ್ರಿಗರ್ ಬಿಡಬೇಕು. ಶೂಟಿಂಗ್ ಕ್ಲಬ್ಬಿನ ಹುಡುಗಿಯರು "ವಸಂತಿ ಆಂಟಿಯೇ ಮಾಡ್ಬೇಕು" ಎನ್ನುತ್ತಿದ್ದರು. ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದಾಗ ಅವಳಿಗೆ ಗೊತ್ತಿದ್ದ ಹರಿತವೆಂದರೆ ತುರಿಮಣೆಯದ್ದು ಮಾತ್ರ.

೨೦೧೧ರಲ್ಲಿ ಶೆಡ್ಡಿಗೆ ಸಿಎನ್‌ಸಿ ಬಂತು. ಕಂಪ್ಯೂಟರಿಗೆ ಅಳತೆ ಕೊಟ್ಟರೆ ತಾನೇ ಕೊರೆಯುವ ಯಂತ್ರ. ಅರ ಹಿಡಿದು ಬದುಕುತ್ತಿದ್ದವರೆಲ್ಲ ಮುಖ ಸಪ್ಪಗೆ ಮಾಡಿಕೊಂಡರು. ವಸಂತಿ ಮಾತ್ರ ಅದರ ಗಾಜಿಗೆ ಮೂಗು ತಾಗಿಸಿ ನಿಂತಳು. ಒಳಗೆ ಹಾಲಿನಂಥ ನೀರು ಸುರಿಯುತ್ತಿತ್ತು, ಉಕ್ಕು ಕೆನೆಯ ಹಾಗೆ ಸುಲಿಯುತ್ತಿತ್ತು.

"ಇದನ್ನು ನಾನು ನಡೆಸ್ತೇನೆ," ಎಂದಳು ಮಾಲೀಕ ಮೋಹನದಾಸರಿಗೆ.

"ಮತ್ತೆ ನಿನ್ನ ಈ ಕೈಯನ್ನು ಎಂತ ಮಾಡುದು ಮಾರಾಯ್ತಿ? ಉಪ್ಪಿನಕಾಯಿ ಹಾಕುದಾ?"

"ಅದೂ ಬರ್ತದೆ ನಂಗೆ."

ಕೊನೆಗೆ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊದಲ ಸಲದ ಮಾಲು ಸರಿಯಾಗಿ ಬಂದರೆ ಯಂತ್ರ ಅವಳದು. ಇಲ್ಲವಾದರೆ ಮತ್ತೆ ಅರ.

ಮೋಹನದಾಸರ ಮಗ ಕೌಶಲ್ ಗುಂಡಿಗಳನ್ನು ಕಲಿಸಿಕೊಟ್ಟ. ಅಳತೆ ತುಂಬಿದ್ದು ಅವಳೇ. ಸಂಜೆಗೆ ಟ್ರೇ ತುಂಬ ಕೊಕ್ಕೆಗಳು. ಎಲ್ಲ ಒಂದೇ ಅಚ್ಚು, ಒಂದೂ ಟ್ರಿಗರಿನೊಳಗೆ ಕೂರಲಿಲ್ಲ.

ಕೌಶಲ್ ಅಳೆದು ನೋಡಿ ನಕ್ಕ. "ಆಂಟಿ, ಸಬ್ ಮೋಟಾ ಹೈ! ಎಲ್ಲಾ ದಪ್ಪ. ಡ್ರಾಯಿಂಗ್‌ಗಿಂತ ಜಾಸ್ತಿ ಯಾಕೆ ಹಾಕಿದ್ರಿ?"

ವಸಂತಿ ನಾಲಿಗೆ ಕಚ್ಚಿಕೊಂಡಳು. ಅರ ತಿಕ್ಕುವುದಕ್ಕೆಂದು ಕೂದಲೆಳೆಯಷ್ಟು ಉಳಿಸಿ ಕೊರೆಯುವುದು ಶೆಡ್ಡಿನ ಹಳೆಯ ರೂಢಿ. ಹೊಸ ಯಂತ್ರದ ಮುಂದೆ ನಿಂತೂ ಅವಳು ಅರದ ಪಾಲು ಎತ್ತಿಟ್ಟಿದ್ದಳು.

ಮೋಹನದಾಸರು ಅರವನ್ನು ತಂದು ಅವಳ ಮುಂದಿಟ್ಟರು. "ಹೋಗ್ಲಿ ಬಿಡು. ನೀನು ಕೂತರೆ ಇಷ್ಟೂ ಸರಿಯಾಗ್ತದೆ."

ಸರಿಯಾಗುತ್ತಿತ್ತು, ಕಷ್ಟ ಅದೇ. ಅರ ಹಿಡಿದರೆ ಮಾಲು ಉಳಿಯುತ್ತದೆ, ಯಂತ್ರ ಹೋಗುತ್ತದೆ. ಅವಳು ಅರವನ್ನು ಬದಿಗೆ ಸರಿಸಿದಳು.

"ಬೇಡ ಅಣ್ಣ. ದಪ್ಪ ಮಾಡಿದ್ದು ಯಂತ್ರ, ಸಪೂರ ಮಾಡುದೂ ಅದೇ."

"ಅದು ಮಾಡಿದ್ದಾ, ನೀನು ಮಾಡಿದ್ದಾ?"

"ಇಬ್ರೂ ಸೇರಿ."

ಅಳತೆ ತಿದ್ದಿದಳು. ಒಂದು ಕೊಕ್ಕೆಯನ್ನು ಮತ್ತೆ ಯಂತ್ರದ ಹಿಡಿತಕ್ಕೆ ಸಿಕ್ಕಿಸಿ ಹಸಿರು ಗುಂಡಿ ಒತ್ತಿದಳು. ಹೊರಬಂದದ್ದನ್ನು ಒರೆಸಿ, ರೈಫಲಿನೊಳಗೆ ಕೂರಿಸಿ, ಮಾಲೀಕರ ಕೈಗೆ ಕೊಟ್ಟಳು. ಅವರು ಖಾಲಿ ರೈಫಲನ್ನು ಗೋಡೆಯತ್ತ ಹಿಡಿದು ಬೆರಳು ತಾಗಿಸಿದರು. ಟಿಕ್. ನಂಬಿಕೆ ಬರದೆ ಇನ್ನೊಮ್ಮೆ ಎಳೆದು ನೋಡಿದರು.

"ಕೌಶಲ್, ಯಂತ್ರದ ಕೀ ಇನ್ನು ವಸಂತಿ ಹತ್ರ ಇರ್ಲಿ," ಎಂದರು.

ವಸಂತಿ ಆಗಲೇ ಎರಡನೆಯ ಕೊಕ್ಕೆ ಸಿಕ್ಕಿಸುತ್ತಿದ್ದಳು.